ಸಮತಟ್ಟಾಗಿ ಎಳೆದ ಗೆರೆ

ಬುಯೆನಾ ವಿಸ್ತಾ ಗುಡ್ಡ, ಲಿಮಾ
10 ಆಗಸ್ಟ್ 1986

ಮಗಳೇ ನೆಲಿದಾ,

ನನ್ನ ಅಕ್ಷರ ನೋಡಿ ನಗಬೇಡ. ನಲವತ್ತು ದಾಟಿದ ಮೇಲೆ, ಪಾತ್ರೆ ತೊಳೆದ ಒದ್ದೆ ಕೈಯಲ್ಲಿ ಕಲಿತ ಅಕ್ಷರ ಇದು. ವಕ್ರವಾಗಿದ್ದರೂ ನನ್ನದೇ.

ಸುದ್ದಿ ಏನೆಂದರೆ, ನಮ್ಮ ಸಾಮೂಹಿಕ ಅಡುಗೆಮನೆಗೆ ತಾರಸಿ ಹಾಕುತ್ತಿದ್ದೇವೆ. ಇಷ್ಟು ವರ್ಷ ಚಾಪೆ, ತಗಡಿನ ಕೆಳಗೆ ಇಡೀ ಗುಡ್ಡಕ್ಕೆ ಬೇಯಿಸಿ ಹಾಕಿದ ಒಲೆಗೆ ಕಾಂಕ್ರೀಟಿನ ಸೂರು ಬರುತ್ತದೆ. ಪುರಸಭೆ ಚುನಾವಣೆಗೆ ನಿಂತ ಒಬ್ಬ ಮಹಾಶಯ ಒಂದು ಲಾರಿ ಸಿಮೆಂಟು, ಒಂದಿಷ್ಟು ಕಂಬಿ ಇಳಿಸಿ ಹೋಗಿದ್ದಾನೆ. ಎದೆಯ ಮೇಲೆ ಕೈಯಿಟ್ಟು "ತಾಯಂದಿರೇ" ಎಂದ. ನಿನ್ನ ಧರ್ಮತಾಯಿ ತೊಮಾಸಾ ಸುಮ್ಮನಿರುತ್ತಾಳೆಯೇ? "ಸ್ವಾಮಿ, ಬೂಟಿಗೆ ನಮ್ ಧೂಳು ಹತ್ತೋಕೆ ಬಿಟ್ಟಿದ್ದೀರಲ್ಲ, ಎಲೆಕ್ಷನ್ನು ಅಷ್ಟು ಹತ್ರ ಬಂತಾ?" ಎಂದು ಕೇಳಿಯೇ ಬಿಟ್ಟಳು. ನಾವು ಸಿಮೆಂಟು ತೆಗೆದುಕೊಂಡದ್ದು ಅವನ ಮುಖ ನೋಡಿ ಅಲ್ಲ. ಈ ನಗರವನ್ನು ಕಟ್ಟಿದವರು ನಮ್ಮ ಗಂಡಸರು, ತೊಳೆದವರು ನಾವು. ನಮಗೆ ಬರಬೇಕಾದ ಬಾಕಿಯಲ್ಲಿ ಒಂದು ಲಾರಿ ಬಂತು ಎಂದುಕೊಂಡೆವು.

ಮೇಸ್ತ್ರಿ ಮೆಲ್ಚೋರ್ ನಕ್ಷೆ ಕೇಳುತ್ತಿದ್ದಾನೆ. "ಕಾಗದದಲ್ಲಿ ಇದ್ದಂಗೆ ಕಟ್ತೀನಿ. ಕಾಗದ ಇಲ್ದೆ ಕೋಳಿಗೂಡೂ ಕಟ್ಟಲ್ಲ" ಅನ್ನುತ್ತಾನೆ. ಸರ್ಕಾರದ ಎಂಜಿನಿಯರ್ ಈ ಗುಡ್ಡ ಹತ್ತುವುದಿಲ್ಲ. ಅವರ ನಕಾಶೆಯಲ್ಲಿ ನಾವಿರುವುದು ಖಾಲಿ ಜಾಗ. ಹೆಂಗಸರು ನನ್ನನ್ನು ಚುಚ್ಚುತ್ತಿದ್ದಾರೆ: "ಎಂಜಿನಿಯರ್ ಮಗಳನ್ನ ಸಾಕಿಕೊಂಡು ಬೇರೆಯವರ ಮನೆ ಬಾಗಿಲು ಯಾಕೆ ತಟ್ತೀಯಾ ಸತುರ್ನಿನಾ? ಇಲ್ಲಾ ಅವಳಿಗೆ ಗುಡ್ಡ ಮರ್ತೇ ಹೋಯ್ತಾ?" ಅಗಲ, ಉದ್ದ ಹಗ್ಗದಲ್ಲಿ ಅಳೆದು ಈ ಕಾಗದದ ಹಿಂಬದಿಗೆ ಬರೆದಿದ್ದೇನೆ. ಕಂಬಿ ಕಡಿಮೆ ಇದೆ. ಏನು ಬಿಟ್ಟರೆ ನಡೆಯುತ್ತದೆ, ಹೇಳು.

ಎಂಜಿನಿಯರಿಂಗ್ ಓದಲು ಹೋದವಳು ಎರಡು ವರ್ಷದಿಂದ ರಜೆಗೂ ಬಂದಿಲ್ಲ. ಅದನ್ನು ಕೇಳಲು ಈ ಪತ್ರ ಬರೆಯುತ್ತಿಲ್ಲ.

ನಿನ್ನ ಅಮ್ಮ,
ಸತುರ್ನಿನಾ

*

ಅರೆಕಿಪಾ
24 ಆಗಸ್ಟ್ 1986

ಅಮ್ಮಾ,

ನಕ್ಷೆ ಇದರ ಜೊತೆಗಿದೆ. ಮೆಲ್ಚೋರನಿಗೆ ಕೊಡು. ಹೆಂಗಸರಿಗೂ ಬಿಡಿಸಿ ತೋರಿಸು.

ಎರಡು ಕಂಬ, ಅವುಗಳ ತಲೆ ಮೇಲೊಂದು ತೊಲೆ: ಇದನ್ನು ನಾವು ಚೌಕಟ್ಟು ಎನ್ನುತ್ತೇವೆ. ಅಡುಗೆಮನೆಯ ಉದ್ದಕ್ಕೂ ಇಂಥವು ಸಾಲಾಗಿ ನಿಲ್ಲುತ್ತವೆ. ತಾರಸಿಯ ಭಾರ ತೊಲೆಗೆ ಬಂದು, ಕಂಬದಿಂದ ಪಾದಕ್ಕೆ ಇಳಿಯುತ್ತದೆ. ಪಾದ ನೆಲವನ್ನು ಎಷ್ಟು ಒತ್ತುತ್ತದೋ ನೆಲ ಅಷ್ಟೇ ತಿರುಗಿ ಒತ್ತಬೇಕು. ಆ ತಿರುಗೊತ್ತನ್ನು ಆಧಾರದ ಪ್ರತಿಕ್ರಿಯೆ ಎನ್ನುತ್ತೇವೆ. ಮೇಲಕ್ಕೆ ಎಷ್ಟು, ಪಕ್ಕಕ್ಕೆ ಎಷ್ಟು, ಎರಡನ್ನೂ ಲೆಕ್ಕ ಹಾಕಿದ್ದೇನೆ. ಪಕ್ಕಕ್ಕೆ ಯಾಕೆ ಎಂದರೆ, ಸಾಬೂನು ಚೆಲ್ಲಿದ ನೆಲದಲ್ಲಿ ಕಾಲಗಲಿಸಿ ನಿಂತು ತಲೆ ಮೇಲೆ ಮೂಟೆ ಹೊತ್ತುಕೋ; ಪಾದಗಳು ಹೊರಕ್ಕೆ ಜಾರಲು ನೋಡುತ್ತವಲ್ಲ, ಹಾಗೆ. ಜಾರದಂತೆ ನೆಲ ಒಳಕ್ಕೆ ತಳ್ಳಿ ಹಿಡಿಯುತ್ತದೆ.

ಎರಡು ಪಾದಗಳನ್ನೂ ನೆಲದಡಿಯಲ್ಲಿ ಒಂದಕ್ಕೊಂದು ಕಟ್ಟುವ ಬೀಮ್ ಹಾಕುವುದುಂಟು. ನಿಮ್ಮ ಕಂಬಿ ಕಡಿಮೆ ಎಂದೆಯಲ್ಲ, ಅದನ್ನು ಬಿಟ್ಟಿದ್ದೇನೆ. ಗಟ್ಟಿ ನೆಲ ತಾನೇ ಹಿಡಿದುಕೊಳ್ಳುತ್ತದೆ.

ಬಿಡಿಸುವಾಗ ಸಹಪಾಠಿಗಳು ಸುತ್ತ ನಿಂತು ನೋಡಿದರು. "ಒಳ್ಳೆ ಅಚ್ಚುಕಟ್ಟು, ಯಾವ ಏರಿಯಾ ಕಟ್ಟಡ ಇದು?" ಎಂದು ಒಬ್ಬ ಕೇಳಿದ. ಲಿಮಾದ್ದು ಎಂದೆ.

ಈ ಡಿಸೆಂಬರಿಗೆ ಬರಲು ನೋಡುತ್ತೇನೆ.

ಮುದ್ದುಗಳೊಂದಿಗೆ,
ನೆಲಿದಾ

*

ಬುಯೆನಾ ವಿಸ್ತಾ
22 ಸೆಪ್ಟೆಂಬರ್ 1986

ನನ್ನ ಎಂಜಿನಿಯರಮ್ಮಾ,

ನಿನ್ನೆ ತಾರಸಿ ಹಾಕಿದೆವು! ತೋಳು ಎತ್ತಲು ಆಗುತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ಬೆಳಗಿನ ತುಂತುರಿನಲ್ಲೇ ಜನ ಸಾಲುಗಟ್ಟಿದರು. ಗಂಡಸರು ಹೆಗಲ ಮೇಲೆ ಡಬ್ಬ, ಹೆಂಗಸರು ಕೈಯಿಂದ ಕೈಗೆ ಬಾಂಡ್ಲಿ. ಸುಮ್ಮನೆ ನಿಂತವರು ಯಾರೂ ಇಲ್ಲ. ಜೋಳ, ಮಾಂಸ ಹಾಕಿದ ಪಾತಾಸ್ಕಾ ಸಾರು ಹಂಡೆಗಟ್ಟಲೆ ಕುದಿಯಿತು. ನಕ್ಷೆಯನ್ನು ಮೆಲ್ಚೋರ್ ಗೋಡೆಗೆ ಅಂಟಿಸಿದ್ದ. ಓದಲು ಬಾರದವರೂ ಬಂದು ಅದನ್ನು ಮುಟ್ಟಿ ಹೋದರು.

ತಾರಸಿಗೆ ಧರ್ಮತಾಯಿ ಬೇಕಲ್ಲ, ಆ ಅಭ್ಯರ್ಥಿಯ ಹೆಂಡತಿಯನ್ನು ನಿಲ್ಲಿಸಿ ಎಂದು ಹೇಳಿ ಕಳಿಸಿದ್ದರು. ಅಡುಗೆಮನೆಯ ಅಧ್ಯಕ್ಷೆ ನಾನು, ಆಗುವುದಿಲ್ಲ ಎಂದೆ. ನಿನ್ನನ್ನು ದೀಕ್ಷಾಸ್ನಾನದಲ್ಲಿ ಎತ್ತಿ ಹಿಡಿದ ಕೈಯೇ ಬೇಕು, ನನ್ನ ಕೊಮಾದ್ರೆ ತೊಮಾಸಾಳೇ ಬೇಕು ಎಂದೆ. ಮಗುವಿನ ತಾಯಿಗೂ ಧರ್ಮತಾಯಿಗೂ ಇರುವ ನಂಟು ಒಡಹುಟ್ಟಿದವರಿಗಿಂತ ಹೆಚ್ಚು ಎಂದುಕೊಂಡೇ ನಾವಿಬ್ಬರೂ ಇಷ್ಟು ವರ್ಷ ಒಬ್ಬರನ್ನೊಬ್ಬರು ಕೊಮಾದ್ರೆ ಎಂದು ಕರೆದಿಲ್ಲವೇ? ತೊಲೆಗೆ ಕಟ್ಟಿದ ಬಾಟಲಿಯನ್ನು ಅವಳು ಸುತ್ತಿಗೆಯಿಂದ ಒಡೆದು ಕೂಗಿದಳು: "ಎಂಜಿನಿಯರಿಗೂ ನಾನೇ ಧರ್ಮತಾಯಿ, ತಾರಸಿಗೂ ನಾನೇ! ಎರಡೂ ನನ್ ತಲೆ ಮೇಲೆ ಬೀಳ್ದಿದ್ರೆ ಸಾಕು!" ಗುಡ್ಡವೇ ನಕ್ಕಿತು.

ಅವಳ ಮನೆ ಸರಿಯಾಗಿ ಕೆಳಗೇ ಅಲ್ಲವೇ, ಅದಕ್ಕೇ ಆ ಮಾತು. ಮೇಲಿನ ಸಾಲಿನ ಕಂಬಗಳು ಬಂಡೆ ಕೊರೆದು ನಿಂತಿವೆ. ಕೆಳಸಾಲಿನವು ಅವಳ ಗಂಡ ಅನಾಕ್ಲೆತೊ ಕಟ್ಟಿದ ಪಿರ್ಕಾದ ಅಂಚಿನಲ್ಲಿವೆ. ಆ ಗಾರೆಯಿಲ್ಲದ ಕಲ್ಲುಗೋಡೆಯ ಹಿಂದೆ ಮಣ್ಣು, ಕಸ ತುಂಬಲು ನೀನೂ ಬುಟ್ಟಿ ಹೊತ್ತಿದ್ದೆ, ನೆನಪಿದೆಯಾ? ಪಾಪ, ಅನಾಕ್ಲೆತೊ ಇದ್ದಿದ್ದರೆ ನಿನ್ನೆ ಕುಣಿಯುತ್ತಿದ್ದ.

ಮೂರು ನಾಲ್ಕು ವಾರಕ್ಕೆ, ತಾರಸಿಯನ್ನು ಹೊತ್ತು ನಿಂತ ಸೆಂಟ್ರಿಂಗ್ ಮರ ಬಿಚ್ಚುತ್ತೇವೆ. ಎಲ್ಲರೂ ನಿನ್ನನ್ನೇ ಕೇಳುತ್ತಾರೆ.

ತಲೆಯೆತ್ತಿ ನಡೆಯುತ್ತಿರುವ
ನಿನ್ನ ಅಮ್ಮ

*

ಅರೆಕಿಪಾ
1 ಅಕ್ಟೋಬರ್ 1986
(ಅಂಚೆಗೆ ಹಾಕದ ಪತ್ರ)

ಅಮ್ಮಾ,

ಸೆಂಟ್ರಿಂಗ್ ಬಿಚ್ಚಬೇಡಿ. ಒಂದು ಮರವನ್ನೂ ಕದಲಿಸಬೇಡಿ.

ನನ್ನ ಲೆಕ್ಕ ಸರಿಯಿದೆ. ಮತ್ತೆ ಮತ್ತೆ ಮಾಡಿ ನೋಡಿದೆ, ಸರಿಯಾಗಿಯೇ ಇದೆ. ಪಾದಗಳು ಹೊರಕ್ಕೆ ಎಷ್ಟು ತಳ್ಳುತ್ತವೆ ಎಂಬ ಅಂಕಿಯ ಸುತ್ತ ಚಂದದ ಚೌಕ ಹಾಕಿ ಕಳಿಸಿದ್ದೇನೆ. ಆ ತಳ್ಳು ಯಾರ ಮೇಲೆ ಬೀಳುತ್ತದೆ ಎಂದು ಕೇಳಲಿಲ್ಲ. ಮೇಲಿನ ಪಾದವನ್ನು ಬಂಡೆ ಹಿಡಿಯುತ್ತದೆ. ಕೆಳಗಿನ ಪಾದವನ್ನು ಹಿಡಿಯುವುದು ಕಸ ತುಂಬಿದ ಮಣ್ಣು, ಆ ಮಣ್ಣನ್ನು ಹಿಡಿಯುವುದು ಅನಾಕ್ಲೆತೊ ಮಾವನ ಒಣಕಲ್ಲು, ಆ ಕಲ್ಲಿನಾಚೆ ಧರ್ಮತಾಯಿಯ ಒಲೆ. ಆ ಕಲ್ಲು ಮಣ್ಣಿನ ಭಾರ ಹೊರಲು ಕಟ್ಟಿದ್ದು; ಅಷ್ಟಕ್ಕೆ ಅದು ಇನ್ನೂ ಐವತ್ತು ವರ್ಷ ನಿಲ್ಲುತ್ತಿತ್ತು. ಈಗ ಭಾರವೆಲ್ಲ ಸೆಂಟ್ರಿಂಗ್ ಮರಗಳ ಮೇಲಿದೆ. ಬಿಚ್ಚಿದ ದಿನ ಅದು ಕಂಬಕ್ಕೆ ಇಳಿಯುತ್ತದೆ, ಕಂಬದ ಪಾದ ಹೊರಕ್ಕೆ ಹೊರಡುತ್ತದೆ.

ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಬುಟ್ಟಿ ಹೊತ್ತವಳು ನಾನೇ. ಆದರೆ ಆ ದಿನ ಹುಡುಗರು ಸುತ್ತ ನಿಂತಿದ್ದರು. ಇಳಿಜಾರು ಬಿಡಿಸಿದರೆ, "ಇದೇನು, ಗುಡ್ಡದ ಮೇಲಿನ ಗುಡಿಸಲುಗಳದ್ದಾ?" ಎಂದು ಕೇಳುತ್ತಿದ್ದರು. ನಾನು ಇಲ್ಲಿ ಯಾರಿಗೂ ಗುಡ್ಡದವಳು ಎಂದು ಹೇಳಿಲ್ಲ. ಪುಸ್ತಕದಲ್ಲಿ ಇರುವಂತೆ ಎರಡು ಪಾದಗಳ ಕೆಳಗೂ ಒಂದೇ ಸಮತಟ್ಟು ಗೆರೆ ಎಳೆದು, ಅದರಡಿಗೆ ಓರೆ ಗೀಟು ಹಾಕಿದೆ. ಓರೆ ಗೀಟು ಹಾಕಿದರೆ ಅದು ಅಲುಗದ ನೆಲ ಎಂದರ್ಥ. ನಮ್ಮ ಪುಸ್ತಕಗಳಲ್ಲಿ ಎಲ್ಲ ಕಂಬಗಳ ಕೆಳಗೂ ಅಂಥ ನೆಲ ಇರುತ್ತದೆ. ಆ ನೆಲ ಯಾರ ಹೆಸರಿನಲ್ಲಿದೆ, ಅದರಿಂದ ಒಕ್ಕಲೆಬ್ಬಿಸಿದ್ದು ಯಾರನ್ನು ಎಂದು ಒಬ್ಬ ಪ್ರೊಫೆಸರನೂ ಹೇಳುವುದಿಲ್ಲ.

ಇಗೋ, ನಾನು ಪ್ರೊಫೆಸರರನ್ನು ಬೈಯಲು ಶುರುಮಾಡಿದೆ. ಗೆರೆ ಎಳೆದ ಕೈ ನನ್ನದು.

ಎರಡು ಪಾದಗಳನ್ನೂ ಕಟ್ಟಿಹಾಕುವ ಆ ಬೀಮ್ ಬೇಕೇ ಬೇಕು, ಅಮ್ಮಾ. ಅದಿದ್ದರೆ ಇವೆರಡರ ತಳ್ಳು ಒಂದನ್ನೊಂದು ಹಿಡಿದು ನಿಲ್ಲಿಸುತ್ತಿತ್ತು, ನೆಲವನ್ನು ಬೇಡಬೇಕಿರಲಿಲ್ಲ. ನೆಲ ಇಲ್ಲದವರಿಗೇ ಬೇಕಾದ ಬೀಮ್ ಅದು. ಅದನ್ನೇ ನಾನು

*

ಅರೆಕಿಪಾ
2 ಅಕ್ಟೋಬರ್ 1986

ಅಮ್ಮಾ,

ತಾರಸಿಯ ಸುದ್ದಿ ಓದಿ ತುಂಬ ಸಂತೋಷವಾಯಿತು. ಸೆಂಟ್ರಿಂಗ್ ಬಿಚ್ಚುವುದನ್ನು ನಾನು ಬರುವ ತನಕ, ಡಿಸೆಂಬರಿಗೆ ಇಟ್ಟುಕೊಳ್ಳಿ. ಕಾಂಕ್ರೀಟು ಹೆಚ್ಚು ದಿನ ಇದ್ದಷ್ಟೂ ಗಟ್ಟಿಯಾಗುತ್ತದೆ. ನನಗೂ ನೋಡುವ ಆಸೆ.

ಪರೀಕ್ಷೆ ಹತ್ತಿರ ಬಂದಿದೆ, ಹೆಚ್ಚು ಬರೆಯಲಾರೆ. ಧರ್ಮತಾಯಿಗೆ ನೆನಪು ಹೇಳು.

ನೆಲಿದಾ

*

ಬುಯೆನಾ ವಿಸ್ತಾ
20 ಅಕ್ಟೋಬರ್ 1986

ನೆಲಿದಾ,

ನೀನು ಕಾಯಿರಿ ಎಂದಿದ್ದೆ. ನಾವು ಕಾಯಲಿಲ್ಲ. ಸೆಂಟ್ರಿಂಗ್ ಮರದವನು ಬಾಡಿಗೆ ಮರ ಕೊಡಿ ಎಂದು ದಿನಾ ಬಂದು ಗಲಾಟೆ ಮಾಡುತ್ತಿದ್ದ, ಅಭ್ಯರ್ಥಿಯ ಕಡೆಯವರು ಉದ್ಘಾಟನೆಗೆ ಬಣ್ಣದ ಡಬ್ಬ ತಂದು ಇಟ್ಟಿದ್ದರು. ಮಗಳಿಗೆ ನೋಡುವ ಆಸೆಯಂತೆ ಎಂದು ನಾನು ಸಭೆಯಲ್ಲಿ ಹೇಳಿದಾಗ ನಕ್ಕರು. "ರಾಣಿ ಸವಾರಿ ಬರೋತಂಕ ನಾವು ಬಿಸಿಲಲ್ಲಿ ಬೇಯಿಸ್ಬೇಕಾ?" ಎಂದರು. ಆಸೆಗೆ ಯಾರು ಕಾಯುತ್ತಾರೆ?

ಶನಿವಾರ ಬೆಳಿಗ್ಗೆ ಬಿಚ್ಚಿದೆವು. ಕಡೇ ಸಾಲಿನ ಮರ ಎಳೆಯುವಾಗ ತೊಲೆಯ ಮೂಲೆಯಲ್ಲಿ ಚಟ್ ಎಂದಿತು. ಆಮೇಲೆ ಕೆಳಗಡೆ ಕಲ್ಲು ಉರುಳುವ ಸದ್ದು. ಪಿರ್ಕಾ ಬಸುರಿ ಹೊಟ್ಟೆಯ ಹಾಗೆ ಮುಂದಕ್ಕೆ ಉಬ್ಬಿ, ಮೇಲಿನ ಕಲ್ಲುಗಳು ತೊಮಾಸಾಳ ಅಡುಗೆ ಮೂಲೆಗೆ ಬಿದ್ದವು. ಅವಳು ನಮ್ಮ ಜೊತೆ ಮೇಲಿದ್ದಳು. ಕೆಳಗಿದ್ದದ್ದು ಅವಳ ಕೋಳಿಗಳು. ಮೆಲ್ಚೋರ್ ಕೂಗಾಡಿ ಮರಗಳನ್ನು ತಿರುಗಿ ನಿಲ್ಲಿಸಿದ. ಕಂಬದ ಪಾದ ಒಂದು ಗೇಣು ಹೊರಗೆ ಬಂದಿದೆ. ಬಣ್ಣದ ಡಬ್ಬದವರು ಡಬ್ಬ ಎತ್ತಿಕೊಂಡು ಇಳಿದು ಹೋದರು.

ತೊಮಾಸಾ ಈಗ ನಮ್ಮ ಮನೆಯಲ್ಲಿ ನಿನ್ನ ಮಂಚದ ಮೇಲೆ ಮಲಗುತ್ತಾಳೆ.

ನಿನ್ನೆ ಸಭೆ ಸೇರಿತು. ನಕ್ಷೆ ಎಂಜಿನಿಯರದ್ದು, ಕಟ್ಟಿದ್ದು ನಕ್ಷೆಯ ಹಾಗೆ, ಹಾಗಾದರೆ ತಪ್ಪು ಗೋಡೆಯದ್ದೇ ಎಂದು ತೀರ್ಮಾನವಾಯಿತು. "ಅನಾಕ್ಲೆತೊ ಕುಡ್ಕೊಂಡು ಕಟ್ಟಿದ ಗೋಡೆ ಅಲ್ವಾ, ಇನ್ನೇನಾಗುತ್ತೆ" ಎಂದು ಹಿಂದಿನಿಂದ ಯಾರೋ ಅಂದರು. ತೊಮಾಸಾ ಎದ್ದು ನಿಂತು, ಹೆಗಲ ಮೇಲಿನ ಶಾಲನ್ನು ಕೈಯಲ್ಲಿ ಹಿಂಡುತ್ತಾ, ಸತ್ತ ಗಂಡನ ಪರವಾಗಿ ಎಲ್ಲರ ಕ್ಷಮೆ ಕೇಳಿದಳು. ಮನೆ ಕಳೆದುಕೊಂಡವಳು ಅವಳು, ಕ್ಷಮೆ ಕೇಳಿದವಳೂ ಅವಳೇ.

ನೀನು ಯಾಕೆ ಕಾಯಿರಿ ಅಂದೆ?

ಅಮ್ಮ

*

ಅರೆಕಿಪಾ
25 ಅಕ್ಟೋಬರ್ 1986

ಅಮ್ಮಾ,

ಅನಾಕ್ಲೆತೊ ಮಾವನ ಗೋಡೆಯದ್ದು ತಪ್ಪಿಲ್ಲ. ತಪ್ಪು ನನ್ನದು. ಇದರ ಜೊತೆ ಇನ್ನೊಂದು ಪತ್ರ ಇಟ್ಟಿದ್ದೇನೆ. ಅಕ್ಟೋಬರ್ ಒಂದಕ್ಕೆ ಬರೆದದ್ದು, ಅರ್ಧಕ್ಕೇ ನಿಂತದ್ದು. ಅದನ್ನು ಓದು. ಆ ದಿನ ಅದನ್ನು ಹಾಕಿದ್ದರೆ ನೀವು ಮರ ಬಿಚ್ಚುತ್ತಿರಲಿಲ್ಲ. ಮೆಲ್ಚೋರ್ ಗೋಡೆಗೆ ಅಂಟಿಸಿದ್ದ ಆ ನಕ್ಷೆಯನ್ನು ನಿನ್ನ ಕೈಯಿಂದಲೇ ಕಿತ್ತು ತೆಗೆಸಬೇಕಾಗುತ್ತದಲ್ಲ ಎಂದು ಹಾಕಲಿಲ್ಲ. ಅಲ್ಲ, ಅದೂ ಸುಳ್ಳು. ನನ್ನ ಮಾನ ಉಳಿಯಲಿ ಎಂದು ಹಾಕಲಿಲ್ಲ. ಧರ್ಮತಾಯಿ ಮನೆಯೊಳಗೆ ಇದ್ದಿದ್ದರೆ?

ಮರಗಳನ್ನು ಮುಟ್ಟಬೇಡಿ. ಕೆಳಗೆ ಯಾರನ್ನೂ ಬಿಡಬೇಡಿ. ಸಭೆಗೆ ಒಂದು ಪತ್ರ ಬರೆದು ಕಳಿಸುತ್ತೇನೆ, ನೀನು ಎಲ್ಲರ ಮುಂದೆ ಓದು.

ನೆಲಿದಾ

*

ಬುಯೆನಾ ವಿಸ್ತಾ
5 ನವೆಂಬರ್ 1986

ನೆಲಿದಾ,

ನಿನ್ನ ಎರಡೂ ಪತ್ರ ತಿಂಗಳ ಕಡೇ ದಿನ ಬಂದವು. ಓದಿದೆ. ಅಕ್ಷರ ಕಲಿತದ್ದಕ್ಕೆ ಮೊದಲ ಸಲ ಸಂಕಟವಾಯಿತು.

ಸಭೆಯಲ್ಲಿ ನಾನು ಏನನ್ನೂ ಓದುವುದಿಲ್ಲ. ಪತ್ರ ಬರೆಯುವುದರಲ್ಲಿ ನೀನು ಜಾಣೆ, ಅದು ಗೊತ್ತಾಯಿತು. ಬಾ. ಬಸ್ಸು ಹತ್ತಿ, ಗುಡ್ಡ ಹತ್ತಿ ಬಂದು, ತೊಮಾಸಾ ನಿಂತ ಜಾಗದಲ್ಲಿ ನಿಂತು, ನಿನ್ನ ಬಾಯಿಂದ ಹೇಳು. ಪೊಲೀಸರು ನಮ್ಮ ಚಾಪೆಗಳಿಗೆ ಬೆಂಕಿ ಇಟ್ಟ ದಿನ ಈ ಗುಡ್ಡಕ್ಕೆ ನಾವು ನಾಚಲಿಲ್ಲ. ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಕಲ್ಲು ಹಿಡಿದು ನಿಂತೆವು. ನಮ್ಮ ಬೆನ್ನ ಮೇಲಿದ್ದವಳಿಗೆ ನಾಚಿಕೆಯಾಯಿತೇ? ಯಾರೋ ನಾಲ್ಕು ಹುಡುಗರ ಮುಂದೆ ಗುಡ್ಡವನ್ನೇ ಬೋಳಿಸಿ ಸಪಾಟು ಮಾಡಿಬಿಟ್ಟೆಯಲ್ಲೇ! ಸರ್ಕಾರದ ಬುಲ್ಡೋಜರಿಗೂ ಆಗದ ಕೆಲಸ.

ಸತ್ತವರ ಹಬ್ಬಕ್ಕೆ ತೊಮಾಸಾಳ ಜೊತೆ ಸ್ಮಶಾನಕ್ಕೆ ಹೋಗಿದ್ದೆ. ಅದರ ಬಗ್ಗೆ ಈಗ ಬರೆಯಲಾರೆ.

ಹದಿನಾರಕ್ಕೆ ಸಭೆ ಇದೆ.

ಸತುರ್ನಿನಾ

*

ಅರೆಕಿಪಾ
22 ನವೆಂಬರ್ 1986

ಅಮ್ಮಾ,

ವಾಪಸು ಬರುವಾಗ ಬಸ್ಸಿನಲ್ಲಿ ಇಡೀ ದಾರಿ ನಿನ್ನ ಮುಖವೇ ಕಾಣುತ್ತಿತ್ತು.

ಸಭೆಯಲ್ಲಿ ಎಲ್ಲರೂ ಬೈಯುತ್ತಾರೆ ಎಂದುಕೊಂಡು ಗುಡ್ಡಕ್ಕೆ ಬಂದಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. ಮೆಲ್ಚೋರ್ ಮಾತ್ರ, "ಹಂಗಾದ್ರೆ ಈಗ ಯಾವ ಕಾಗದ ನಂಬ್ಬೇಕು ತಾಯಿ?" ಎಂದು ಕೇಳಿದ. ಆಮೇಲೆ ಬೀಮಿಗೆ ನೆಲ ಅಗೆಯಲು ಯಾರೋ ಹಾರೆ ತಂದು ನನ್ನ ಕೈಗೇ ಕೊಟ್ಟರು. ನೀವೆಲ್ಲ ಕೆಂಪು ಮೇಣ ಹಾಕಿ ಉಜ್ಜಿದ ಆ ನೆಲಕ್ಕೆ ಮೊದಲ ಪೆಟ್ಟು ನಾನೇ ಹಾಕಬೇಕಾಯಿತು. ನನ್ನ ಕೋಣೆಗೆಂದು ನೀನು ವರ್ಷಗಟ್ಟಲೆ ಗೋಡೆಗೆ ಒರಗಿಸಿಟ್ಟಿದ್ದ ಕಂಬಿಗಳು ಆ ಅಗೆತದೊಳಗೆ ಮಲಗಿದವು. ಅದರ ಬಗ್ಗೆ ನನಗೆ ದುಃಖವಿಲ್ಲ.

ಬೇರೆ ಒಂದು ಮಾತು. ಸಭೆಯಲ್ಲಿ ನಾನು, "ಅಕ್ಟೋಬರ್ ಇಪ್ಪತ್ತೈದಕ್ಕೇ ಅಮ್ಮನಿಗೆ ಎಲ್ಲಾ ಬರ್ದಿದ್ದೆ" ಎಂದೆ. ಯಾರೂ ಕೇಳಿರಲಿಲ್ಲ, ನಾನಾಗಿಯೇ ಹೇಳಿದೆ. ನಾನು ಬೇಗ ಒಪ್ಪಿಕೊಂಡವಳು ಎಂದು ಅವರಿಗೆ ಗೊತ್ತಾಗಲಿ ಎಂದು. ಧರ್ಮತಾಯಿ ನಿನ್ನ ಕಡೆ ತಿರುಗಿದಳು. ನೀನು ತಲೆ ತಗ್ಗಿಸಿದೆ. ನೀನು ಅವಳಿಗೆ ಹೇಳಿಯೇ ಇರಲಿಲ್ಲ ಎಂದು ಆಗಲೇ ನನಗೆ ಅರ್ಥವಾದದ್ದು. ಒಂದು ಆಧಾರದಿಂದ ಭಾರ ಎತ್ತಿದರೆ ಅದು ಇನ್ನೊಂದರ ಮೇಲೆ ಹೋಗಿ ಕೂರುತ್ತದೆ. ಮೊದಲ ವರ್ಷದ ಪಾಠ.

ಇಲ್ಲಿ ಹುಡುಗರಿಗೆ ಗುಡ್ಡದ ಹೆಸರು ಹೇಳಿದೆ. ಹೇಳಿದರೆ ಆಕಾಶ ಬೀಳುತ್ತದೆ ಎಂದುಕೊಂಡಿದ್ದೆ. ಒಬ್ಬ "ಓಹೋ" ಎಂದು ತನ್ನ ಕೆಲಸಕ್ಕೆ ಹೋದ. ಆ ಒಂದು "ಓಹೋ"ಗೆ ಹೆದರಿ ಒಂದು ಮನೆ ಬೀಳಿಸಿದೆ.

ಕ್ಷಮೆ ಕೇಳಲೂ ನಾಚುತ್ತಿರುವ
ನೆಲಿದಾ

*

ಬುಯೆನಾ ವಿಸ್ತಾ
6 ಡಿಸೆಂಬರ್ 1986

ಮಗಳೇ,

ನೆಲದಡಿಯ ಬೀಮ್ ಗಟ್ಟಿಯಾಗಿದೆ. ಇವತ್ತು ಮರ ಬಿಚ್ಚಿದೆವು. ಮೆಲ್ಚೋರ್ ಪಾದದ ಹತ್ತಿರ ಸುಣ್ಣದ ಗೆರೆ ಎಳೆದು ಹೊಟ್ಟೆ ಮೇಲೆ ಮಲಗಿ ನೋಡುತ್ತಲೇ ಇದ್ದ. ಗೆರೆ ಕದಲಲಿಲ್ಲ. ಪಿರ್ಕಾವನ್ನು ಅನಾಕ್ಲೆತೊನ ಕಲ್ಲುಗಳಿಂದಲೇ ತಿರುಗಿ ಕಟ್ಟಿದ್ದೇವೆ. ತೊಮಾಸಾ ಮನೆಗೆ ಮರಳಿದಳು. ಆ ಅಭ್ಯರ್ಥಿ ಸೋತನಂತೆ. ಗೆದ್ದವನೂ ಗುಡ್ಡ ಹತ್ತಿಲ್ಲ.

ನಿನ್ನನ್ನು ತೊಮಾಸಾ ಕ್ಷಮಿಸಿದ್ದಾಳೆ. "ಹುಡ್ಗಿ, ಓದಿನ ಮಂಕು ಕವಿದಿತ್ತು, ಬಂದು ಹೇಳಿದ್ಲಲ್ಲ" ಎಂದಳು. ನನ್ನನ್ನು ಕ್ಷಮಿಸಿಲ್ಲ. ಅವಳು ದಿನಾ ಅಡುಗೆಮನೆಗೆ ಬರುತ್ತಾಳೆ, ಆಲೂಗಡ್ಡೆ ಸುಲಿಯುತ್ತಾಳೆ, ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾಳೆ. ನನ್ನ ಮುಂದೆ ಬಂದಾಗ, "ಒಂದು ಸೌಟು ಸಾಕು, ಅಧ್ಯಕ್ಷರೇ" ಅನ್ನುತ್ತಾಳೆ. ಕೊಮಾದ್ರೆ ಅನ್ನುವುದಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅಧ್ಯಕ್ಷರೇ ಎಂದರೆ ಏನು ಬೈಯಲಿ?

ಸ್ಮಶಾನದ ವಿಷಯ ಬರೆಯಲಾರೆ ಎಂದಿದ್ದೆ. ಈಗ ಬರೆಯುತ್ತೇನೆ. ನಿನ್ನ ಪತ್ರ ನನ್ನ ಕೈಸೇರಿ ಎರಡು ದಿನವಾಗಿತ್ತು. ಅವಳು ಗೋರಿಯ ಮುಂದೆ ಕೂತು, ಮಗುವಿನಾಕಾರದ ಬ್ರೆಡ್ಡು ಮುರಿದಿಟ್ಟು, ಮಣ್ಣಿಗೆ ಜೋಳದ ಹೆಂಡ ಚಿಚಾ ಹೊಯ್ದು, ಗಂಡನಿಗೆ ಬೈದಳು: "ಬದುಕಿದ್ದಾಗ ಕುಡ್ಕೊಂಡು ಬಂದು ನನ್ ಮಾನ ಕಳೆದೆ. ಸತ್ ಮೇಲಾದ್ರೂ ನೆಟ್ಟಗೆ ನಿಲ್ಬಾರ್ದಿತ್ತೇನೋ ನಿನ್ ಗೋಡೆ?" ಆಮೇಲೆ ನನ್ನ ಕಡೆ ತಿರುಗಿ, "ಕೊಮಾದ್ರೆ, ಇವನ ಲೆಕ್ಕದಲ್ಲಿ ನಿಂಗೂ ಕ್ಷಮೆ ಕೇಳ್ತೀನಿ ಕಣೇ. ನಿನ್ ಮಗಳ ಕೆಲ್ಸ ಹಾಳಾಯ್ತು" ಎಂದಳು.

ನಾನು ಏನಂದೆ ಗೊತ್ತೇ? "ಹೋಗ್ಲಿ ಬಿಡು" ಅಂದೆ.

ಅವಳು ಅತ್ತಳು. ನಾನು ಅವಳ ಬೆನ್ನು ಸವರಿದೆ. ಆ ಕೈಯನ್ನು ಎಷ್ಟು ತೊಳೆದರೂ ಅಷ್ಟೇ.

ನಿನಗೆ ಬಾ, ನಿನ್ನ ಬಾಯಿಂದ ಹೇಳು ಎಂದು ಬರೆದಾಗ ನಾನು ನ್ಯಾಯ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಮೆರವಣಿಗೆಗಳಲ್ಲಿ ಮುಂದೆ ನಡೆದವಳು, ಲಾಠಿಗೆ ಎದೆ ಕೊಟ್ಟವಳು, ನ್ಯಾಯ ನನಗೆ ಗೊತ್ತು ಎಂಬ ಕೊಬ್ಬು. ನಿಜ ಏನೆಂದರೆ ನನಗೆ ಹೆದರಿಕೆಯಾಗಿತ್ತು. ನನ್ನ ಮಗಳು, ನನ್ನ ನಕ್ಷೆ, ನನ್ನ ತಾರಸಿ ಎಂದು ತಲೆಯೆತ್ತಿ ನಡೆದವಳು ತಗ್ಗಿಸಬೇಕಲ್ಲ. ನೀನು ಬರುವ ತನಕ ದಿನಾ ಅವಳ ಪಕ್ಕದಲ್ಲಿ ಕೂತು ಆಲೂಗಡ್ಡೆ ಸುಲಿದೆ. ಒಂದು ಮಾತು ಸಾಕಿತ್ತು. ನೀನು ಹುಡುಗರ ಮುಂದೆ ಗುಡ್ಡವನ್ನು ಮುಚ್ಚಿಟ್ಟೆ, ನಾನು ಗುಡ್ಡದ ಮುಂದೆ ನಿನ್ನನ್ನು ಮುಚ್ಚಿಟ್ಟೆ. ಎರಡರ ತಳ್ಳೂ ಹೋಗಿ ಬಿದ್ದದ್ದು ಒಂದೇ ಹೆಂಗಸಿನ ಮೇಲೆ. ತಳದಲ್ಲಿದ್ದವಳ ಮೇಲೆ. ದೊಡ್ಡವರೆಲ್ಲ ನಮಗೆ ಮಾಡುವುದೂ ಇದನ್ನೇ ಅಲ್ಲವೇ, ಇನ್ನು ಯಾವ ಬಾಯಲ್ಲಿ ಅವರನ್ನು ಬೈಯಲಿ?

ನೀನು ಸಭೆಯಲ್ಲಿ ಆ ತಾರೀಖು ಹೇಳಿದ್ದಕ್ಕೆ ಸಿಟ್ಟಿಲ್ಲ. ನೀನು ಹೇಳಿದ್ದೇ ಒಳ್ಳೆಯದಾಯಿತು ಎಂದು ಬರೆಯಲು ಕೂತೆ, ಅದೂ ಅಷ್ಟು ಸುಲಭವಾಗಿ ಬರುತ್ತಿಲ್ಲ. ಇರಲಿ.

ನಾಳೆ ಭಾನುವಾರ, ಸಭೆ ಇದೆ. ಅಡುಗೆಮನೆಯ ಬೀಗದ ಕೈ ಮೇಜಿನ ಮೇಲಿಟ್ಟು, ತೊಮಾಸಾ ನಿಂತ ಜಾಗದಲ್ಲಿ, ನೀನು ನಿಂತ ಜಾಗದಲ್ಲಿ ನಿಲ್ಲುತ್ತೇನೆ. ಮೊದಲು ಅನಾಕ್ಲೆತೊನ ಹೆಸರು ಹಿಡಿದು ಕ್ಷಮೆ ಕೇಳುತ್ತೇನೆ. ಆಮೇಲೆ ಅವಳನ್ನು.

ಆಮೇಲೆ ಅವಳು ನನ್ನನ್ನು ಏನೆಂದು ಕರೆಯುತ್ತಾಳೋ, ಅದೇ ನನ್ನ ಹೆಸರು.

ಇಂತಿ,
ಸದ್ಯಕ್ಕೆ ನಿನ್ನ ಅಮ್ಮ ಮಾತ್ರ